ಮಿರ್ಜಾ ಇಲಿ ತಿಂದದ್ದು

ಎಸೆನ್ ಹೆಂಡತಿಯನ್ನೂ ಮನೆಯನ್ನೂ ಬಿಟ್ಟು ಹೋಗುವಾಗ ತನ್ನ ಬಟ್ಟೆಬರೆ, ಮೀನು ಹಿಡಿಯುವ ಗಾಳ, ಅಪ್ಪನ ಕಾಲದ ಬೀರು ಎಲ್ಲವನ್ನೂ ಒಯ್ದ. ತಾನು ಸಾಕಿದ ಹಾವನ್ನು ಮಾತ್ರ ಬಿಟ್ಟುಹೋದ. ಅವನು ಹೊಸದಾಗಿ ಸೇರಿಕೊಂಡ ಹೆಂಗಸಿಗೆ ಹಾವೆಂದರೆ ಜೀವವೇ ಬಾಯಿಗೆ ಬರುತ್ತಿತ್ತಂತೆ.

"ಸ್ವಲ್ಪ ದಿನ ನೋಡ್ಕೊ ಬುರುಲ್," ಎಂದ, ಬಾಗಿಲಲ್ಲೇ ನಿಂತು. "ಆಗಾಗ ಒಂದು ಇಲಿ ಹಾಕಿದ್ರೆ ಸಾಕು. ಮಿರ್ಜಾ ಏನೂ ತೊಂದ್ರೆ ಕೊಡಲ್ಲ."

ಬುರುಲ್ "ಆಯ್ತು" ಎಂದಳು. ಅವನು ಮೆಟ್ಟಿಲಿಳಿದ ಸದ್ದು ಕೇಳಿಸಿತು, ಕೆಳಗಿನ ಕಬ್ಬಿಣದ ಬಾಗಿಲು ಹಾಕಿಕೊಂಡದ್ದೂ ಕೇಳಿಸಿತು. ಈಗ ಅಳು ಬರುತ್ತದೆ ಎಂದುಕೊಂಡು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಕೋಟು ಹಾಕಿಕೊಂಡು ಹೊಲಿಗೆ ಕಾರ್ಖಾನೆಗೆ ಹೋಗಿ ಸಂಜೆಯವರೆಗೆ ಹೆಂಗಸರ ಅಂಗಿಗೆ ಕಾಲರು ಹಚ್ಚಿದಳು. ಒಂದೂ ಸೊಟ್ಟಗಾಗಲಿಲ್ಲ.

ಮಿರ್ಜಾ ಆಫ್ರಿಕಾದ ಪುಟ್ಟ ಜಾತಿಯ ಹೆಬ್ಬಾವು. ಹೆದರಿದರೆ ತಲೆಯನ್ನು ಮೈಯೊಳಗೆ ಹುದುಗಿಸಿ ಚೆಂಡಾಗಿಬಿಡುತ್ತಿತ್ತು. ಎಸೆನ್ ಹೋದಮೇಲೆ ಅದು ಇಲಿ ಮುಟ್ಟುವುದನ್ನೇ ಬಿಟ್ಟಿತು. ಬುರುಲ್ ಫ್ರೀಜರಿನಿಂದ ಸತ್ತ ಇಲಿ ತೆಗೆದು, ಮೆತ್ತಗಾದಮೇಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಸ್ಟೂಲು ಎಳೆದುಕೊಂಡು ಎದುರಿಗೆ ಕೂರುತ್ತಿದ್ದಳು. ಹಾವು ಚೆಂಡಾಗುತ್ತಿತ್ತು. ಕೊನೆಗೆ ಇಲಿಯನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದಳು.

ಎಸೆನ್ ಸಂಜೆಯ ಹೊತ್ತು ಫೋನು ಮಾಡುತ್ತಿದ್ದ.

"ತಿಂತಾ?"

"ಇಲ್ಲ."

"ಕೈಗೆ ತಗೊಂಡು ನೋಡು. ಅದಕ್ಕೆ ನಿನ್ನ ಅಭ್ಯಾಸ ಆಗ್ಲಿ."

"ತಗೊಂಡೆ."

"ತೆಳ್ಳಗಾಗಿದೆಯಾ?"

"ನೋಡಿಲ್ಲ. ನೋಡ್ತೀನಿ."

ನೀನು ಹೇಗಿದೀಯ ಎಂದು ಅವನು ಕೇಳಲಿಲ್ಲ.

ಚಳಿ ಜೋರಾದಾಗ ಎಸೆನ್‌ನ ಅಕ್ಕ ತುರ್ಸುನಾಯ್ ಬಂದಳು. ತಮ್ಮನ ಮೇಲಿನ ಸಿಟ್ಟಿಗೆ ಆಕೆ ನಾದಿನಿಯ ಮನೆಗೆ ಬರುವುದು ಇನ್ನೂ ಹೆಚ್ಚಾಗಿತ್ತು. ಚಹಾ ಕುಡಿದು, ಅಡುಗೆಮನೆಯಿಂದ ಹಾಲಿನ ಬಟ್ಟಲು ತಂದವಳೇ ಪೆಟ್ಟಿಗೆಯ ಮುಚ್ಚಳ ಸರಿಸಿ ಹಾವಿನ ಮೇಲೆ ಸುರಿದುಬಿಟ್ಟಳು.

"ಅತ್ತಿಗೆ! ಏನ್ ಮಾಡ್ತಿದೀರ?"

"ಹಾವು ಮನೆ ಹೊಕ್ಕರೆ ಹಾಲು ಸುರಿದು ಆಚೆಗೆ ಕಳಿಸ್ಬೇಕು. ನಮ್ಮಮ್ಮನೂ ಹಾಗೇ ಮಾಡೋಳು."

"ಇದು ತಾನಾಗಿ ಹೊಕ್ಕಿದ್ದಲ್ಲ. ನಿಮ್ಮ ತಮ್ಮ ತಂದಿದ್ದು."

"ತಾನಾಗಿ ಹೊಕ್ಕೋಳು ಇನ್ನೊಬ್ಳಿದಾಳಲ್ಲ, ಅವಳ ತಲೆ ಮೇಲೆ ಸುರೀಬೇಕಿತ್ತು. ಹಾಲು ದಂಡವಾಯ್ತು." ತುರ್ಸುನಾಯ್ ಖಾಲಿ ಬಟ್ಟಲನ್ನು ಕೆಳಗಿಟ್ಟಳು. "ನೀನಾದ್ರೂ ಒಂದು ಸಲ ಬೈಯೇ ಮಾರಾಯ್ತಿ. ಕಲ್ಲಿನ ಹಾಗೆ ಕೂತಿದೀಯ."

ಬುರುಲ್ ಹಾವನ್ನೆತ್ತಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದಳು. ಆಗ ಅದರ ಬೆನ್ನುಮೂಳೆ ಬೆರಳಿಗೆ ಹತ್ತಿತು. ತೆಳ್ಳಗಾಗಿದೆ ಎಂದುಕೊಂಡಳು. ಕನಿಕರವೇನೂ ಹುಟ್ಟಲಿಲ್ಲ, ಆದರೂ ಭಾನುವಾರ, ಸಾಕುಪ್ರಾಣಿಗಳನ್ನೆಲ್ಲ ಮಾರುವ ಬಿಶ್ಕೇಕಿನ ಹಕ್ಕಿ ಸಂತೆಗೆ ಹೊರಟಳು.

ಇಲಿ ಮಾರುವ ಹರ್ಸಾನ್ ಅಜ್ಜ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕೂತಿದ್ದ. ಹಾವು ಇಲಿ ಮುಟ್ಟುತ್ತಿಲ್ಲವೆಂದು ಬುರುಲ್ ಹೇಳಿದಳು.

"ಎಲ್ಲಿಟ್ಟಿದೀಯ ಮಗಳೇ ಅದನ್ನ?"

"ಮುಂಚೆ ಇದ್ದಲ್ಲೇ ಇದೆ. ಗೋಡೆಗೂ ಬೀರುವಿಗೂ ನಡುವೆ. ಬೀರು ಈಗಿಲ್ಲ."

"ಮತ್ತೆ ಈಗೇನಿದೆ ಅಲ್ಲಿ?"

"ಏನಿಲ್ಲ. ಕಿಟಕಿ ಕಾಣುತ್ತೆ."

"ಸರಿಹೋಯ್ತು! ನಡುಬೀದಿಲಿ ಬಟ್ಟಲಿಟ್ಟು ಉಣ್ಣು ಅಂದ್ರೆ ನೀನು ಉಣ್ತೀಯ? ಅದಕ್ಕೆ ಅಡಗೋಕೆ ಜಾಗ ಬೇಕು. ಇಲಿನ ಬೆಚ್ಚಗೆ ಮಾಡಿ ಕೊಡು, ತಣ್ಣಗಿದ್ರೆ ಅದಕ್ಕೆ ಇಲಿ ಅಂತಲೇ ಗೊತ್ತಾಗಲ್ಲ. ಕೊಟ್ಟು ಎದ್ದು ಹೋಗು. ಸುಮ್‌ಸುಮ್ನೆ ಎತ್ತಾಡಿಸ್ಬೇಡ."

ಮನೆಗೆ ಬಂದು ಬುರುಲ್ ಬೀರು ಇದ್ದ ಜಾಗವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಗೋಡೆಕಾಗದ ಅಲ್ಲಿ ಮಾತ್ರ ಬಣ್ಣ ಮಾಸದೆ ಉಳಿದಿತ್ತು. ಕಾರ್ಖಾನೆಯಿಂದ ಕಪ್ಪು ಅಸ್ತರು ಬಟ್ಟೆಯ ತುಂಡುಗಳನ್ನು ತಂದು ಗಾಜಿನ ಮೂರು ಕಡೆ ಅಂಟಿಸಿದಳು. ಬೂಟಿನ ರಟ್ಟಿನ ಡಬ್ಬಿಗೆ ತೂತು ಕತ್ತರಿಸಿ ಒಳಗಿಟ್ಟಳು. ಮಿರ್ಜಾ ಅದರೊಳಗೆ ಹೊಕ್ಕು ಕಾಣದಾಯಿತು. ಒಂದು ವಾರ ಅವಳು ಅದರ ಗೊಡವೆಗೆ ಹೋಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಇಲಿಯನ್ನು ಬಿಸಿನೀರಲ್ಲಿಟ್ಟು, ಒರೆಸಿ, ಚಿಮ್ಮಟದಲ್ಲಿ ಹಿಡಿದು ತೂತಿನ ಮುಂದೆ ಆಡಿಸಿದಳು. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಮರುಕ್ಷಣ ಚಿಮ್ಮಟವೇ ಕೈಯಿಂದ ಕಿತ್ತುಹೋಗುವಷ್ಟು ಜೋರಾಗಿ ಎಳೆಯಿತು. ಬುರುಲ್ ಎದ್ದು ಅಡುಗೆಮನೆಗೆ ಹೋಗಿ ಆಲೂಗಡ್ಡೆ ಹೆರೆದಳು. ತಿರುಗಿ ಬಂದು ನೋಡಿದಾಗ ಇಲಿಯ ಬಾಲ ಮಾತ್ರ ಬಾಯಿಂದ ಹೊರಗಿತ್ತು.

ಸಂಜೆ ಫೋನು ಬಂತು.

"ತಿಂತಾ?"

"ತಿಂತು."

"ಅಬ್ಬಾ! ಭೇಷ್! ನಂಗೆ ಎಷ್ಟು ಚಿಂತೆಯಾಗಿತ್ತು ಗೊತ್ತಾ? ಇನ್ನು ಯೋಚ್ನೆ ಇಲ್ಲ ಬಿಡು."

ಮುಂದಿನ ವಾರ ಅವನು ಒಮ್ಮೆ ಕೇಳಿದ. ಹಾವು ಎರಡನೆಯ ಇಲಿಯನ್ನೂ ತಿಂದಿತ್ತು. ಆಮೇಲೆ ಫೋನು ಬರಲಿಲ್ಲ.

ವಸಂತದಲ್ಲಿ, ಬುರುಲ್ ಮನೆಗೆ ತಂದ ಹೊಲಿಗೆಯ ಮೇಲೆ ಬಗ್ಗಿದ್ದಾಗ ತುರ್ಸುನಾಯ್ ಕೇಳಿದಳು: "ಎಸೆನ್ ಫೋನ್ ಮಾಡ್ತಾನಾ?"

"ಇಲ್ಲ."

"ನೀನೇ ಮಾಡೇ. ಹಾವು ಮತ್ತೆ ತಿಂತಿಲ್ಲ ಅನ್ನು. ಎದ್ನೋ ಬಿದ್ನೋ ಅಂತ ಓಡಿ ಬರ್ತಾನೆ."

"ತಿಂತಾ ಇದೆಯಲ್ಲ, ಅತ್ತಿಗೆ," ಎಂದಳು ಬುರುಲ್. ದಾರವನ್ನು ಹಲ್ಲಲ್ಲಿ ಕಡಿದು ಇನ್ನೊಂದು ಕಾಲರು ಎತ್ತಿಕೊಂಡಳು.