ಜಲಜನ ಜೊತೆಗೆ ಹೋದವಳು

ಮೊನ್ನೆ ಭಾನುವಾರ ನಮ್ಮ ಜೆಪ್ಪುವಿನ ಮನೆಯ ಬಾಲ್ಕನಿಯಲ್ಲಿ ಕುರ್ಚಿಯ ಬೆನ್ನಿಗೆ ಒಂದು ಬೈನಾಕ್ಯುಲರ್ ನೇತಾಡುತ್ತಿತ್ತು. ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಅನಘಾ ಕಾಲೇಜಿನ ಹಕ್ಕಿ ಸಂಘಕ್ಕೆಂದು ತರಿಸಿಕೊಂಡದ್ದು. ಹೊಸ ರಬ್ಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿ ಕೊರಳಿಗೆ ಹಾಕಿಕೊಂಡೆ, ಕಣ್ಣಿಗೆ ಹಿಡಿದು ನಡುವಿನ ತಿರುಪನ್ನು ತಿರುಗಿಸಿದೆ. ಎದುರಿನ ತೆಂಗಿನ ಗರಿ ಒಂದೊಂದಾಗಿ ಸ್ಪಷ್ಟವಾಯಿತು.

"ಅಜ್ಜೀ, ನಿಮಗೆ ಇದು ಹಿಡಿಯಲಿಕ್ಕೆ ಬರ್ತದಾ?" ಹಿಂದಿನಿಂದ ಅನಘಾ ಕೇಳಿದಳು. ಕದ್ದು ಸಿಕ್ಕಿಬಿದ್ದವಳ ಹಾಗೆ ತೆಗೆದು ಕೊಟ್ಟೆ.

ಅವಳು ಅಲ್ಲೇ ಕುಳಿತು ಸಂಘದ ಸುದ್ದಿ ಹೇಳಿದಳು. ಸಂಘದಲ್ಲಿ ಹುಡುಗಿಯರೇ ಹೆಚ್ಚಂತೆ. ಆದರೆ ಭಾಷಣಕ್ಕೆ ಬರುವ ದೊಡ್ಡ ಹಕ್ಕಿ ವಿಜ್ಞಾನಿಗಳೆಲ್ಲ ಗಂಡಸರೇ ಅಂತೆ. "ಅವರ ಕಾಲದಲ್ಲೂ ಹುಡುಗಿಯರು ಓದಿದ್ದಾರಲ್ಲ ಅಜ್ಜಿ, ಮತ್ತೆ ಅವರೆಲ್ಲ ಎಲ್ಲಿಗೆ ಹೋದ್ರು?"

"ನನಗೆಂತ ಗೊತ್ತು ಮಗಾ," ಎಂದು ಒಳಗೆ ಹೋದೆ. ಸುಳ್ಳು ಹೇಳಿದೆ. ಅವರಲ್ಲಿ ಒಬ್ಬಳು ಎಲ್ಲಿಗೆ ಹೋದಳೆಂದು ನನಗೆ ಗೊತ್ತುಂಟು. ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಕೊಡುವುದು ನನ್ನಿಂದ ಇವತ್ತಿಗೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸು ಮುಗಿಸಿದವಳು. ಮದುವೆಯಾಗಿ ಕದ್ರಿಯ ಮನೆಗೆ ಬಂದಾಗ ನಿಮ್ಮ ಅಜ್ಜನ ತಂಗಿ ಜಲಜ ಎಂಎಸ್ಸಿ ಮುಗಿಸಿ ಹಕ್ಕಿಗಳ ಮೇಲೆ ಸಂಶೋಧನೆಗೆ ಸೇರಿದ್ದಳು. ಮಾವನವರು ದೇವಸ್ಥಾನದ ಅರ್ಚಕರು. ಮಗಳು ಹಕ್ಕಿಯ ಹಿಂದೆ ಹೋಗುವುದೆಂದರೆ ಅತ್ತೆಗೆ ನಾಚಿಕೆ. ಯಾವ ಹಕ್ಕಿ ಎಂದು ಕೇಳಿದರಂತೆ. ಗರುಡ ಎಂದಳಂತೆ ಜಲಜ. "ಗರುಡ ಆದರೆ ಅಡ್ಡಿಯಿಲ್ಲ," ಎಂದು ಅತ್ತೆ ಒಪ್ಪಿದರಂತೆ. ಕಾಗೆ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಒಪ್ಪಿದರೂ ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲ. ಮನೆಯ ಗಂಡಸರಿಗೆ ಬೆಳಿಗ್ಗೆ ಒಬ್ಬರಿಗೆ ಪೂಜೆ, ಒಬ್ಬರಿಗೆ ಬ್ಯಾಂಕು. ಹಾಗಾಗಿ ಜೊತೆಗೆ ಹೋಗುವ ಕೆಲಸ ಹೊಸ ಸೊಸೆಯಾದ ನನಗೆ ಬಂತು. ನಸುಕಿಗೇ ಎದ್ದು ಹೊಳೆಯ ಬದಿಯ ತೆಂಗಿನ ತೋಪಿಗೆ ಹೋಗುತ್ತಿದ್ದೆವು. ಒಂದು ಮರದ ತುದಿಯಲ್ಲಿ ಗರುಡನ ಗೂಡು. ಕೆಳಗೆ ನಾವಿಬ್ಬರು, ಒಂದು ಕೊಡೆ, ಕಾಫಿಯ ಫ್ಲಾಸ್ಕು.

ಮೊದಮೊದಲು ನನ್ನಿಂದ ಉಪದ್ರವೇ ಹೆಚ್ಚು. ಗರುಡ ಕಂಡ ಕೂಡಲೇ ಎರಡೂ ಕೈ ಮುಗಿದು ಕಣ್ಣು ಮುಚ್ಚುತ್ತಿದ್ದೆ. "ಅತ್ತಿಗೆ, ಕೈ ಮುಗಿಯುವುದು ಆಮೇಲೆ," ಎಂದು ಜಲಜ ಗದರಿಸುತ್ತಿದ್ದಳು. "ಅದು ಎಂತ ಹಿಡ್ಕೊಂಡು ಬಂತು, ಅದನ್ನು ನೋಡಿ ಮೊದಲು."

ನೋಡಲು ಕಲಿತೆ. ಅವಳ ಹಳೆಯ ಬೈನಾಕ್ಯುಲರಿನಲ್ಲಿ ಎಡಗಣ್ಣಿನ ಗಾಜು ಮಸುಕಾಗಿತ್ತು, ಆದರೂ ಮೀನು ಯಾವುದು ಏಡಿ ಯಾವುದು ಎಂದು ತಿಳಿಯುತ್ತಿತ್ತು. ಅವಳು ನೋಡುವಾಗ ನಾನು ಗಡಿಯಾರ ಹಿಡಿದು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಆರೂ ನಲವತ್ತಕ್ಕೆ ಮೀನು. ಏಳೂ ಕಾಲಿಗೆ ಏಡಿ. ಏಳೂವರೆಗೆ ಬಟ್ಟೆಯ ಚೂರು, ಗೂಡಿಗೆ. ಸಂಜೆ ಅವಳು ಅದನ್ನು ಇಂಗ್ಲಿಷಿಗೆ ಇಳಿಸುತ್ತಿದ್ದಳು. ನಾನು ಬರೆದದ್ದು ಇಂಗ್ಲಿಷಾಗುತ್ತದೆ ಎಂಬುದೇ ನನಗೆ ದೊಡ್ಡ ಸಂಗತಿ.

ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸು ದಿನಾ ನಮ್ಮನ್ನು ನೋಡಿ ನಗುತ್ತಿದ್ದಳು. "ಎಂತ ಅಕ್ಕಾ, ತೆಂಗಿನಕಾಯಿ ಎಣಿಸ್ತಾ ಇದ್ದೀರಾ?"

"ಇಲ್ಲ ಮಾರಾಯ್ತಿ, ಬಾಣಂತಿಯನ್ನು ನೋಡ್ಲಿಕ್ಕೆ ಬಂದದ್ದು," ಎನ್ನುತ್ತಿದ್ದಳು ಜಲಜ.

ಆ ಬೆಳಗುಗಳಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಯಾರಿಗೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ, "ಗರುಡ ಪ್ರತ್ಯಕ್ಷ ಆಯ್ತಾ? ಇನ್ನು ಅಕ್ಕಿ ಕಡೆಯುವ ಕೆಲಸ ನೋಡು," ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ನೋಡಿದವರಿಗೆ ಬೇಸರದಿಂದ ಹೋಗುವವಳ ಹಾಗೆ ಕಂಡಿರಬೇಕು.

ಎರಡನೆಯ ವರ್ಷ ಜಲಜನ ಪ್ರೊಫೆಸರು ಮನೆಗೆ ಬಂದರು. ಚಾವಡಿಯಲ್ಲಿ ಮಾವ, ಅತ್ತೆ, ನಿಮ್ಮ ಅಜ್ಜ, ಜಲಜ ಇದ್ದರು. ಕಾಫಿ ಕೊಟ್ಟು ನಾನು ಬಾಗಿಲ ಹಿಂದೆ ನಿಂತೆ.

"ಇವಳ ಹಾಗೆ ನೋಟ್ಸ್ ಬರೆಯುವವರು ನನ್ನಲ್ಲಿ ಬೇರೆ ಇಲ್ಲ," ಎಂದರು ಅವರು. "ಆದರೆ ಒಂದು ಗೂಡು ಸಾಲುವುದಿಲ್ಲ. ಕುಂದಾಪುರದ ಕಡೆ ಹೊಳೆಯ ಬದಿಯಲ್ಲಿ ಹತ್ತಾರು ಗೂಡು ಉಂಟು. ಎರಡು ತಿಂಗಳು ಅಲ್ಲೇ ಇರಬೇಕು. ಉಳಿಯಲಿಕ್ಕೆ ನನ್ನ ಪರಿಚಯದವರ ಮನೆ ಉಂಟು. ಈ ವರ್ಷ ಆಗದಿದ್ದರೆ ಕೆಲಸ ಇನ್ನೊಬ್ಬ ಹುಡುಗನಿಗೆ ಹೋಗ್ತದೆ, ನನ್ನ ಕೈಯಲ್ಲಿಲ್ಲ."

ಮಾವನವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಸೊಸೆ ಜೊತೆಗೆ ಹೋಗುವುದಾದರೆ ನನ್ನದು ಅಡ್ಡಿಯಿಲ್ಲ," ಎಂದರು. ಮತ್ತೆ ಬಾಗಿಲ ಕಡೆ ತಿರುಗಿದರು. "ಎಂತ ಹೇಳ್ತಿ ನೀನು? ಹೋಗ್ತಿಯಾ?"

ನಮ್ಮಲ್ಲಿ ಸೊಸೆ ಮಾವನ ಎದುರು ಮಾತಾಡುವುದಿಲ್ಲ. ಮದುವೆಯಾಗಿ ಎರಡು ವರ್ಷವಾದರೂ ಅವರೊಡನೆ ನಾನು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಈಗ ಹೊರಗಿನವರೂ ಇದ್ದರು. ಹೋಗುತ್ತೇನೆ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಎರಡು ತಿಂಗಳು, ಹತ್ತಾರು ಗೂಡು, ಗಡಿಯಾರ ಮತ್ತು ಪುಸ್ತಕ. ಆಸೆ ಹೆಚ್ಚಾದಷ್ಟೂ ನಾಚಿಕೆ ಹೆಚ್ಚಾಯಿತು. ಇಷ್ಟು ಆಸೆ ಉಂಟೆಂದು ಗೊತ್ತಾದರೆ ಏನೆಣಿಸಿಯಾರು ಎಂದು ಸೆರಗಿನ ತುದಿ ಹಿಡಿದು ನಿಂತೆ.

ಜಲಜ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಅವಳಿಗೆ ಮನಸ್ಸಿಲ್ಲ," ಎಂದರು ಅತ್ತೆ. "ಇದ್ದಿದ್ದರೆ ಹೇಳ್ತಿದ್ದಳು."

ಅಷ್ಟೇ. ಪ್ರೊಫೆಸರು ಕಾಫಿ ಮುಗಿಸಿ ಎದ್ದರು. ನಿಮ್ಮ ಅಜ್ಜ ಆಮೇಲೆ ಒಳಗೆ ಬಂದು, "ನಿನಗೆ ಬೇಡವಾದರೆ ಬೇಡ," ಎಂದರು. ಅವರ ಹತ್ತಿರವಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಜಲಜ ಹಟ ಮಾಡಲಿಲ್ಲ. ಅದು ನನಗೆ ಆಗಲೂ ಆಶ್ಚರ್ಯವಾಗಿತ್ತು. ನಾವು ಬರೆದ ಪುಸ್ತಕಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಆ ಹುಡುಗನಿಗೆ ತಲುಪಿಸಿದಳು. ಅವನು ಡಾಕ್ಟರೇಟು ಪಡೆದು ದೊಡ್ಡ ಹುದ್ದೆಗೆ ಹೋದ ಎಂದು ಕೇಳಿದ್ದೇನೆ. ಅವನದು ತಪ್ಪಿಲ್ಲ, ಅವನೂ ಬಿಸಿಲಲ್ಲಿ ಕೂತವನೇ. ಜಲಜನಿಗೆ ಮರುವರ್ಷ ಅತ್ತಾವರಕ್ಕೆ ಮದುವೆಯಾಯಿತು. ಶಾಲೆಯಲ್ಲಿ ವಿಜ್ಞಾನ ಕಲಿಸಿದಳು, ಒಳ್ಳೆಯ ಟೀಚರೆಂದು ಹೆಸರೂ ಬಂತು. ಅದೇನೂ ಕಡಿಮೆಯ ಕೆಲಸವಲ್ಲ. ಆದರೆ ಅವಳು ಬಯಸಿದ್ದು ಅದಲ್ಲ. ಈ ನಲವತ್ತು ವರ್ಷದಲ್ಲಿ ನಾವು ಎಷ್ಟು ಮದುವೆ, ಎಷ್ಟು ಸಾವಿನ ಬೊಜ್ಜದೂಟಗಳಲ್ಲಿ ಒಟ್ಟಿಗೆ ಕೂತಿದ್ದೇವೆ. ಹಕ್ಕಿಯ ಮಾತು ಮಾತ್ರ ಬರಲಿಲ್ಲ.

ಅನಘಾ ಕೇಳಿದ ಮರುದಿನ ಅತ್ತಾವರಕ್ಕೆ ಹೋದೆ. ಜಲಜನಿಗೆ ಮಂಡಿನೋವು, ಮಂಚದ ಮೇಲೆ ಕೂತಿದ್ದಳು. ದಾರಿಯಿಡೀ ಆಟೋದಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಹೇಳಿದೆ. "ಜಲಜ, ಆ ದಿವಸ ನನಗೆ ಬರಲಿಕ್ಕೆ ಮನಸ್ಸಿತ್ತು. ಬಹಳ ಮನಸ್ಸಿತ್ತು."

ಯಾವ ದಿವಸ ಎಂದು ಅವಳು ಕೇಳಲಿಲ್ಲ.

"ನಿಮಗೆ ಅದೆಲ್ಲ ಹಿಂಸೆ ಅಂತ ನಾನು ಎಣಿಸಿದ್ದೆ ಅತ್ತಿಗೆ," ಎಂದಳು. "ದಿನಾ ನಸುಕಿಗೆ ನಿಮ್ಮನ್ನು ಎಬ್ಬಿಸಿ ಕರ್ಕೊಂಡು ಹೋಗ್ತಿದ್ದೆ. ಮನೆಗೆ ಬಂದ್ರೆ ನಿಮ್ಮ ಮುಖ ಬಾಡ್ತಿತ್ತು. ಪಾಪ, ನನ್ನ ಓದಿಗೆ ಇವರನ್ನು ಎಷ್ಟು ಗೋಳಾಡಿಸುವುದು ಅಂತ ಕಂಡಿತು. ಇಲ್ಲದಿದ್ರೆ ನಾನು ಬಿಡ್ತಿದ್ದೆನಾ? ಊಟ ಬಿಟ್ಟಾದರೂ ಒಪ್ಪಿಸ್ತಿದ್ದೆ."

ಅವಳು ಕಿಟಕಿಯ ಕಡೆಗೆ ಮುಖ ತಿರುಗಿಸಿ, "ಕಾಫಿ ಕುಡೀತೀರಾ?" ಎಂದಳು. ನಾನು ಬೇಡವೆಂದು ತಲೆಯಾಡಿಸಿ ಬಂದುಬಿಟ್ಟೆ.

ಅನಘಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಒಬ್ಬಳು ಎಲ್ಲಿಗೂ ಹೋಗಲಿಲ್ಲ. ಜೊತೆಗೆ ಒಬ್ಬರು ಬೇಕಿತ್ತು, ಆ ಜೊತೆಯವಳು ನಾನಾಗಿದ್ದೆ.

ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಕ್ಷಮಿಸು ಎಂದು ಜಲಜನಲ್ಲಿ ಕೇಳದೆ ಬಂದಿದ್ದೇನೆ. ನಾಳೆ ಬೆಳಿಗ್ಗೆ ಮತ್ತೆ ಅತ್ತಾವರಕ್ಕೆ ಹೋಗುತ್ತೇನೆ. ಅವಳು ಏನೆಂದರೂ ಕೇಳಿಸಿಕೊಂಡು, ಬಾಯಿಬಿಟ್ಟು ಉತ್ತರ ಕೊಟ್ಟೇ ಬರುತ್ತೇನೆ. ನೀವು ಯಾರೂ ಜೊತೆಗೆ ಬರುವುದು ಬೇಡ.