ಅರ್ಧ, ಮತ್ತೆ ಅದರರ್ಧ: ಯಾದ್ವಿಗಾ ಕಾಜಿಮೀರೊವ್ನಾ ಅವರ ಅಳತೆಕೋಣೆ

ಚೆರ್ನೋಬಿಲ್ ಸ್ಥಾವರ ಸಿಡಿದು ಮೂವತ್ತು ವರ್ಷ ದಾಟಿದರೂ ದಕ್ಷಿಣ ಬೆಲಾರೂಸಿನ ನಮ್ಮೂರಿನಲ್ಲಿ ಉಣ್ಣುವ ಮೊದಲು ಅಳೆಯುವ ಶಿಸ್ತು ಉಳಿದಿದ್ದರೆ, ಅದರ ಶ್ರೇಯಸ್ಸು ಶ್ರೀಮತಿ ಯಾದ್ವಿಗಾ ಕಾಜಿಮೀರೊವ್ನಾ ಅವರದು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತ, ಅದರ ಹಿಂಬದಿಯ ಕೋಣೆಯಲ್ಲಿ ಊರಿನ ಹಾಲು, ಹಣ್ಣು, ಅಣಬೆಗಳ ವಿಕಿರಣ ಅಳೆಯುತ್ತ ಇಪ್ಪತ್ತೊಂಬತ್ತು ವರ್ಷ ದುಡಿದ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ.

ಅರ್ಧಾಯುವನ್ನು, ಅಂದರೆ ಮಣ್ಣಿಗೆ ಬಿದ್ದ ಸೀಸಿಯಂನಂಥ ವಿಕಿರಣವಸ್ತು ಅರ್ಧಕ್ಕಿಳಿಯಲು ಹಿಡಿಯುವ ಕಾಲವನ್ನು, ಅವರು ಕಲಿಸಿದ್ದು ಕಾಳುಗಳಿಂದ. ಒಂದು ಬದಿಗೆ ಮಸಿ ಹಚ್ಚಿದ ನೂರು ಕಾಳನ್ನು ಡಬ್ಬಿಯಲ್ಲಿ ಕುಲುಕಿ ಸುರಿಯಬೇಕು. ಮಸಿ ಮೇಲಾಗಿ ಬಿದ್ದವನ್ನು ತೆಗೆದರೆ ಸುಮಾರು ಅರ್ಧ ಉಳಿಯುತ್ತವೆ. ಮತ್ತೆ ಕುಲುಕಿದರೆ ಅದರರ್ಧ. ಯಾವ ಕಾಳು ಹೋಗುತ್ತದೆಂದು ಯಾರೂ ಹೇಳಲಾರರು.

"ಮೂವತ್ತು ವರ್ಷಕ್ಕೆ ಅರ್ಧ ಸೀಸಿಯಂ ಹೋದ್ರೆ, ಇನ್ನೊಂದು ಮೂವತ್ತಕ್ಕೆ ಪೂರ್ತಿ ಖಾಲಿ, ಅಲ್ವೇನಮ್ಮಾ ಕಾಜಿಮೀರೊವ್ನಾ?" ಎಂದ ಮುದುಕ ಮಿಕೀತನ ಕೈಗೂ ಅವರು ಡಬ್ಬಿ ಕೊಟ್ಟರು. ಐದು ಸಲ ಕುಲುಕಿದ ಮೇಲೂ ಮೂರು ಕಾಳು ಉಳಿದವು.

"ಥೂ, ನಮ್ಮತ್ತೆ ಥರ. ಹೊರಡೋ ಮಾತೇ ಇಲ್ಲ!"

ನನ್ನ ಗಂಡ ಲ್ಯಾವೊನ್ ಅವರ ಶಿಷ್ಯ. ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಕಾಡಿನ ಕೆಲಸದಲ್ಲಿ ಮರ ಬಿದ್ದು ತೀರಿಕೊಂಡ. ಅವನು ಪೋಣಿಸಿದ ಅಣಬೆಯ ಸರ ಒಲೆಯ ಮೇಲೆ ತೂಗುತ್ತಿತ್ತು. ಆ ಚಳಿಗಾಲ ಬೇರೇನೂ ತೋಚದೆ ಅದರ ಸಾರನ್ನೇ ನಾಲ್ಕು ವರ್ಷದ ಸ್ತೇಫಾಳಿಗೆ ಉಣಿಸಿದೆ. ಫೆಬ್ರವರಿಯಲ್ಲಿ, ಅಳೆಸಿದ ಸರಕ್ಕೆ ಶಾಲೆಯ ಕೋಣೆಯಲ್ಲಿ ಕೊಡುವ ಚೀಟಿ ಹುಡುಕಿದೆ. ಇರಲಿಲ್ಲ. ಅವನ ಮಾತು ನೆನಪಾಯಿತು: "ಮೂವತ್ತು ವರ್ಷ ಮುಗೀತಲ್ಲೇ, ಇನ್ನೇನು ಅಳೆಯೋದು?"

ಉಳಿದ ಸರ ಹಿಡಿದು ಓಡಿದೆ. ಯಂತ್ರ ಮಿತಿಯ ಒಂಬತ್ತು ಪಟ್ಟು ತೋರಿಸಿತು.

ಯಾದ್ವಿಗಾ ಕಾಜಿಮೀರೊವ್ನಾ ಸರವನ್ನು ಯಂತ್ರದಿಂದ ಹೊರತೆಗೆದರು. "ಕಾಳಿನ ಪಾಠದ ದಿನ ಲ್ಯಾವೊನ್ ಶಾಲೆಗೆ ಬಂದಿರ್ಲಿಲ್ಲ. ಅಣಬೆ ಕೀಳೋಕೆ ಹೋಗಿದ್ದ. ನಾನೇ ಕೂರಿಸಿಕೊಂಡು ಇನ್ನೊಂದ್ಸಲ ಹೇಳಿಕೊಡಬೇಕಿತ್ತು."

"ಮಗು, ಯಾದ್ವಿಗಾ ಕಾಜಿಮೀರೊವ್ನಾ?"

"ಹೆದರಬೇಡ ಅನ್ನಲ್ಲ ಮಗಳೇ. ಹೆದರು, ಅಳೆದು ಹೆದರು. ಕಾಡಲ್ಲಿ ಅರ್ಧ ಆಗೋಕೆ ಮೂವತ್ತು ವರ್ಷ. ಮಗು ಮೈ ಹಾಗಲ್ಲ, ಹೊರಗೆ ಹಾಕ್ತಾನೇ ಇರುತ್ತೆ. ತಿಂಗಳಿಗೆ ಹತ್ತಿರ ಹತ್ತಿರ ಅರ್ಧ."

ಮೈಯೊಳಗಿನ ವಿಕಿರಣ ಅಳೆಯುವ ಕುರ್ಚಿ ಇದ್ದದ್ದು ಜಿಲ್ಲಾ ಪಟ್ಟಣದಲ್ಲಿ. ಪ್ರತಿ ತಿಂಗಳೂ ಅವರು ರಜೆ ಹಾಕಿ ನಮ್ಮೊಡನೆ ಬಸ್ಸಿನಲ್ಲಿ ಬಂದರು. ಮೊದಲ ಸಲ ಮಗುವಿನ ಮೈಯಲ್ಲಿ ಎಂಟುನೂರ ಎಂಬತ್ತು ಬೆಕೆರೆಲ್ ವಿಕಿರಣ. ಮಾರ್ಚಿನಲ್ಲಿ ನಾನೂರ ಐವತ್ತು. ಅಂಕಿ ಬರುವವರೆಗೆ ಅವರು ನನ್ನ ಕೈ ಹಿಡಿದಿರುತ್ತಿದ್ದರು. ಅವರ ಕೈಯೂ ಬೆವರಿರುತ್ತಿತ್ತು. ತಂದೆ ಕೊನೆಯದಾಗಿ ತಂದಿಟ್ಟ ಊಟ ಸ್ತೇಫಾಳ ಮೈಬಿಟ್ಟು ಹೋಗುತ್ತಿದೆ ಎಂದು ನನಗೆ ಹೊಳೆದದ್ದು ಅಲ್ಲಿ. ಹೋಗಲಿ ಎಂದೇ ಬೇಡಿಕೊಂಡೆ.

ಬೇಸಿಗೆಯಲ್ಲಿ ಅವರು, "ಇನ್ನು ಯಂತ್ರದ ಕಣ್ಣಿಗೆ ಕಾಣಲ್ಲ" ಎಂದರು. ಸೊನ್ನೆ ಎನ್ನಲಿಲ್ಲ. ಇಂದಿಗೂ ಹಾಲಿನ ಲೋಟ ಕೊಡುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ಸ್ತೇಫಾಳ ತರಗತಿಗೆ ಆ ಪಾಠ ಬರಲು ಇನ್ನೂ ಎಂಟು ವರ್ಷವಿದೆ. ಆ ದಿನ ಕಾಳಿನ ಡಬ್ಬಿ ಹಿಡಿದು ಅವರೇ ಬರಬೇಕು. ಅಷ್ಟು ಆಯುಷ್ಯ, ಅದರಾಚೆಗೂ ಆಯುಷ್ಯ, ಮಾಡಲು ಕೆಲಸ ಅವರಿಗಿರಲಿ. ಸ್ತೇಫಾ ಅಂದು ತಪ್ಪಿಸಿಕೊಳ್ಳದಂತೆ ನಾನು ನೋಡಿಕೊಳ್ಳುತ್ತೇನೆ.