ಒಂಬತ್ತನೇ ನಂಬರಿನ ತಗಡು

ನನ್ನ ಭಾವ ದನದ ಕೊಟ್ಟಿಗೆಯ ತಗಡುಗಳಿಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮೇಲೆ ಕಲ್ಲು ಹೇರಿ ಬಿಟ್ಟಿದ್ದರು. ಸೋಮಾರಿತನ ಅಂದುಕೊಳ್ಳಬೇಡಿ. ನಂದಿಗುಡಿಯಲ್ಲಿ ಯಾರ ಮನೆಯ ಮದುವೆಯಾದರೂ ಅಡುಗೆಯ ಒಲೆಗೆ ಗಾಳಿ ತಡೆಯಲು ಈ ಹನ್ನೆರಡು ತಗಡುಗಳೇ ಇಳಿದು ಹೋಗಬೇಕು. ಅದಲುಬದಲಾಗದಿರಲೆಂದು ಒಂದೊಂದಕ್ಕೂ ಕಪ್ಪು ಬಣ್ಣದಲ್ಲಿ ನಂಬರ್ ಬರೆದಿದ್ದರು. ಮೊಳೆ ಹೊಡೆದರೆ ಪ್ರತಿ ಸಲ ಕೀಳುವವರು ಯಾರು?

ಆ ಭಾನುವಾರ ನನ್ನ ಅಂಗಡಿಗೆ ರಜೆ; ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಬೈಕ್ ಹತ್ತಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಹೊಲದ ನಡುವಿನ ಮನೆ. ಸುತ್ತ ಎರಡು ಎಕರೆ ಬೇಸಿಗೆ ಭತ್ತ ಹಣ್ಣಾಗಿ ನಿಂತಿತ್ತು. ಸಂಜೆ ನಾಲ್ಕಕ್ಕೆ ಕಟಾವಿನ ಮಷಿನ್ ಬರುವುದಿತ್ತು. ಉಂಡು ಕಟ್ಟೆಯ ಮೇಲೆ ಕೂತಿದ್ದೆವು. ನಾಲೆಯ ಆಚೆ ನೆಲದಿಂದ ಕೆಂಪು ಧೂಳಿನ ಕಂಬವೊಂದು ಎದ್ದಿತು.

ಸುಂಟರಗಾಳಿ ಅಂದರೆ ಒಣ ಎಲೆಗಳನ್ನು ಗಿರಗಿರ ತಿರುಗಿಸಿ ಹೋಗುವ ಆಟ ಎಂದೇ ನಾನು ತಿಳಿದಿದ್ದೆ. ಇದು ಲೋಡ್ ಲಾರಿಯಂತೆ ಮೊರೆಯುತ್ತ ಬಂತು. ಪಕ್ಕದ ಬಾಳೆತೋಟ ನಮ್ಮ ಕಣ್ಣೆದುರೇ ಮಲಗಿತು. ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಕೊಟ್ಟಿಗೆಯ ಮೇಲಿನ ಕಲ್ಲುಗಳು ದಡದಡ ಉರುಳಿದವು. ಹಿಂದೆಯೇ ತಗಡುಗಳು ಒಂದೊಂದಾಗಿ ಮೇಲೆದ್ದು ಹೊಳೆಯುತ್ತ ತಿರುಗಿದವು. ಸುಳ್ಳು ಹೇಳುವುದಿಲ್ಲ, ಭಯದ ಜೊತೆಗೆ ಖುಷಿಯೂ ಆಯಿತು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಎರಡು ನಿಮಿಷ, ಅಷ್ಟೇ. ಗಾಳಿ ಹೋದಮೇಲೆ ನೋಡಿದರೆ ಅಕ್ಕನ ಅರ್ಧ ಭತ್ತ ನೆಲಕ್ಕೊರಗಿತ್ತು, ಬಾನಂಚಿನಲ್ಲಿ ಕಪ್ಪು ಮೋಡ ಕಟ್ಟುತ್ತಿತ್ತು.

ಮಲಗಿದ ಭತ್ತದ ಮೇಲೆ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ನಾಲ್ಕು ತಿಂಗಳ ಬೆಳೆ ದನದ ಬಾಯಿಗೆ. ಮಷಿನ್ ಹೇಳಿದ ಹೊತ್ತಿಗೆ ಬಂತು, ಆದರೆ ಡ್ರೈವರ್ ಬದುವಿನ ಮೇಲೇ ನಿಲ್ಲಿಸಿದ.

"ಹೊಲದಾಗ ತಗಡು ಬಿದ್ದಾವಂತಲ್ರೀ? ಬ್ಲೇಡಿಗೆ ಸಿಕ್ರ ನನ್ ಮಷಿನ್ ಕತಿ ಮುಗೀತು. ಎಲ್ಲಾ ತಗೀರಿ, ಆಮ್ಯಾಲೆ ಇಳಸ್ತೀನಿ."

ಹುಡುಕಿದೆವು. ಬದುವಿನ ಮೇಲೆ, ನಾಲೆಯಲ್ಲಿ, ತೆಂಗಿನ ಬುಡದಲ್ಲಿ ಹನ್ನೊಂದು ಸಿಕ್ಕವು. ಭಾವ ನಂಬರ್ ಓದಿ ಓದಿ ಜೋಡಿಸಿದರು. ಒಂಬತ್ತು ಇಲ್ಲ.

"ಇನ್ನೊಬ್ರಿಗೆ ಕೊಟ್ಟು ಕೊಟ್ಟು ಈಗ ಗಾಳಿಗೂ ಕೊಟ್ರಿ. ತಣ್ಣಗಾಯ್ತಾ?" ಎಂದಳು ಅಕ್ಕ.

"ನಾನೇನ್ ಗಾಳಿನ ಮದುವಿಗೆ ಕರೆದಿದ್ನೇನೆ?"

ನಾನು ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದೆ. ಅಕ್ಕ ನನ್ನ ಕಡೆ ತಿರುಗಿದಳು. "ಲೇ, ಅದನ್ನ ಕಿಸೆಗಿಡು. ಚಪ್ಪಲಿ ಬಿಟ್ಟು ಹೊಲಕ್ಕಿಳಿ."

ಆಮೇಲೆ ಅವಳು ಬದುವಿನ ಮೇಲೆ ನಿಂತು ಮುಯ್ಯಾಳು ಕೂಗಿದಳು. ಇವತ್ತು ನನ್ನ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾನು; ಅದು ಮುಯ್ಯಾಳು. ಮಷಿನ್ ಬಂದಮೇಲೆ ಊರಲ್ಲಿ ಆ ಪದ್ಧತಿಯೇ ನಿಂತುಹೋಗಿತ್ತು. ಆದರೂ ಆರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

ಇಡೀ ಹೊಲ ಹುಡುಕಿ ಆಮೇಲೆ ಕೊಯ್ಯುವಷ್ಟು ಹೊತ್ತು ಇರಲಿಲ್ಲ. ಅಕ್ಕ ಡ್ರೈವರನಿಗೆ ನೇರ ಹೇಳಿದಳು: "ನಾವು ಮುಂದೆ ನಡೀತೀವಿ. ನಾವು ತುಳಿದಲ್ಲಿ ನೀನು ಬಾ. ಕೈ ಎತ್ತಿದ್ರೆ ನಿಲ್ಸು."

ಅವನು ಮೋಡ ನೋಡಿದ, ಅಕ್ಕನ ಮುಖ ನೋಡಿದ. "ನಡೀರಿ ಯಕ್ಕಾ."

ಒಂಬತ್ತು ಜನ ಸಾಲಾಗಿ ಬರಿಗಾಲಲ್ಲಿ ಭತ್ತ ತಡಕುತ್ತ ಹೊರಟೆವು. ಇಪ್ಪತ್ತು ಹೆಜ್ಜೆ ಹಿಂದೆ ಮಷಿನ್ ಗುಡುಗುತ್ತ ಬರುತ್ತಿತ್ತು. ಒಣ ದಂಟು ಚುಚ್ಚಿ ನನ್ನ ಅಂಗಾಲು ಉರಿಯಿತು.

"ಒಂಬತ್ತನೇ ನಂಬರ್ ನನ್ ಮಗಳ ಮದುವ್ಯಾಗ ಸಾರಿನ ಒಲಿಗೆ ಅಡ್ಡ ನಿಂತಿತ್ತು," ಎಂದಳು ಪಕ್ಕದ ಬಾಳೆತೋಟದ ಹೆಂಗಸು. "ಅವತ್ತೂ ಅದು ನೆಟ್ಟಗೆ ನಿಲ್ಲಲಿಲ್ಲ ಬಿಡವ್ವಾ."

ಎಲ್ಲರೂ ನಕ್ಕರು. ತನ್ನ ಬಾಳೆ ಪೂರ್ತಿ ಮಲಗಿದ್ದರೂ ನಗಿಸುವ ಹೆಂಗಸು! ಕಾಲು ಭಾಗ ಮುಗಿಯಿತು, ಅರ್ಧ ಮುಗಿಯಿತು. ಮಣ್ಣಿನ ವಾಸನೆ ಬಂತು. ನಾವು ಈಗ ನಡೆಯುತ್ತಿರಲಿಲ್ಲ, ಓಡುತ್ತಿದ್ದೆವು. ಕೊನೆಯ ಮೂಲೆಯ ಹತ್ತಿರ ಅಕ್ಕ ಥಟ್ಟನೆ ನಿಂತು ಎರಡೂ ಕೈ ಎತ್ತಿದಳು.

"ನಿಲ್ಸೋ! ನಿಲ್ಸು!"

ಮಷಿನ್ ನಿಂತಿತು. ಒರಗಿದ ಭತ್ತವನ್ನು ಅವಳು ಎರಡು ತೋಳಿಂದ ಸರಿಸಿದಳು. ಕೆಳಗೆ ಹಪ್ಪಳದಂತೆ ಮಡಚಿಕೊಂಡು ಬಿದ್ದಿತ್ತು ತಗಡು. ಡ್ರೈವರ್ ಇಳಿದು ಬಂದು ನೋಡಿ ಒಂದು ತುದಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದೆ.

ಕೊನೆಯ ಕಾಳು ಟ್ರಾಲಿಗೆ ಸುರಿದು, ತಾಡಪಾಲು ಎಳೆದು ಕಟ್ಟುವಾಗ ದಪ್ಪ ಹನಿ ಶುರುವಾದವು. ಭಾವ ಟ್ರಾಲಿಯ ಮೇಲೆ ನಿಂತು ಶಿಳ್ಳೆ ಹೊಡೆದರು. ಐವತ್ತೆಂಟರ ಮನುಷ್ಯ!

ಬಾಳೆತೋಟದ ಹೆಂಗಸು ತಲೆಗೆ ಸೆರಗು ಎಳೆದುಕೊಂಡಳು. "ನಾಳೆ ನಮ್ ತೋಟಕ್ಕೆ ಬರ್ಬೇಕವ್ವಾ. ಬಿದ್ದಿರೋ ಗೊನಿ ಕಡೀಬೇಕು."

"ಬರ್ತೀನಿ. ನನ್ ತಮ್ಮನ್ನೂ ಕರ್ಕೊಂಡ್ ಬರ್ತೀನಿ," ಎಂದಳು ಅಕ್ಕ.

ನಾಳೆ ಸೋಮವಾರ, ಅಂಗಡಿ ತೆಗೆಯಬೇಕು ಎಂದು ಬಾಯಿಗೆ ಬಂದಿತ್ತು. ಅಕ್ಕ ನನ್ನ ಕಡೆ ನೋಡಿದಳು. "ಕುಡುಗೋಲು ಐತೇನು?" ಎಂದು ಕೇಳಿದೆ.